ಮೂರನೆಯ ಓಣಿಯ ಪಾಕೀಟು

ಕಂತು ೯

"ಇನ್ನೊಮ್ಮೆ ಹೇಳ್ರಿ ಸಾವಿತ್ರಿಬಾಯಿ. ಕಿವಿಗಿ ಬಿದ್ದದ್ದಷ್ಟ ಹೇಳ್ರಿ. ತಿಳ್ಕೊಂಡದ್ದು ಬ್ಯಾಡ," ಎಂದೆ.

ಸಾವಿತ್ರಿಬಾಯಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಕಾರ್ಖಾನೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಕಂಡವರ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡ ಹೆಂಗಸು, ತಾನೇ ಮಾತಾಡುವ ಪಾಳಿ ಬಂದಾಗ ಬೆವರತೊಡಗಿದ್ದರು.

"ಅದನ್ನ ಹೇಳೇನಲ್ರೀ ಸಾಹೇಬ್ರ. ಅತುಲ ಪುಣೆದ ಕಂಪ್ಯೂಟರ್ ಮಂದಿ ಜೋಡಿ ಫೋನಿನಾಗ ಮಾತಾಡಾಕತ್ತಿದ್ದ. 'ಪಾಕೀಟ ಎಲ್ಲಾ ನನ್ನ ಕಡಿಂದನ ದಾಟ್ತಾವು, ಡಿಸೈನ್ ರೂಮಿನೂ ಸೈತ' ಅಂದ. ನನ್ನ ಮಕ್ಕಳ ಆಣಿ, ಇದರಾಗ ಒಂದ ಅಕ್ಷರ ಸುಳ್ಳಿಲ್ಲ."

ಸುಳ್ಳಿಲ್ಲ ಎನ್ನುವುದು ನನಗೂ ಗೊತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಸುಳ್ಳು ಹೇಳುವವರನ್ನು ಒಂದು ಗಂಟೆಯಲ್ಲಿ ಹಣ್ಣು ಮಾಡಬಹುದು; ನಿಜ ಹೇಳಿ ತಪ್ಪು ತಿಳಿದುಕೊಂಡವರ ಮುಂದೆ ಬ್ರಹ್ಮನೂ ಕೈ ಚೆಲ್ಲುತ್ತಾನೆ.

ಚನ್ನವೀರಪ್ಪ ಸಾವುಕಾರರು ಗಾಜಿನ ಟೇಬಲ್ಲಿನ ಆಚೆ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಜರ್ಮನಿಯ ಗಿರಾಕಿಗೆಂದು ಅವರು ಮಾಡಿಸಿದ ಇಳಕಲ್ ಸೆರಗಿನ ಟಾವೆಲ್ ಡಿಸೈನು, ಅವರ ಮಗ್ಗ ಏರುವ ಮೊದಲೇ ಮುಂಬಯಿ ಪ್ರದರ್ಶನದಲ್ಲಿ ಎದುರಾಳಿಯ ಅಂಗಡಿಯಲ್ಲಿ ತೂಗಾಡಿತ್ತು. ಕಾರ್ಖಾನೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಅತುಲನೇ ಕಳ್ಳ ಎಂದು ಅವರ ಮಗ ಉದಯಕುಮಾರ ಪೊಲೀಸ್ ಫೌಜದಾರರನ್ನು ಕರೆಸಿದ್ದ.

ಅತುಲ ನನ್ನ ತಂಗಿಯ ಮಗ. ತಾಯಿ ಹೋದ ಮೇಲೆ ನನ್ನ ಮನೆಯಲ್ಲೇ ಉಂಡು, ನನ್ನ ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂತು ಶಾಲೆಗೆ ಹೋದವನು. ಬೆಳಿಗ್ಗೆ ಅವನ ಹೆಂಡತಿ ಪೂನಮ ನನ್ನ ಬಾಗಿಲಿಗೆ ಬಂದು, "ಮಾಮಾ, ಅವರನ್ನ ಬಿಡಿಸಿಕೊಂಡು ಬರ್ರಿ, ಅವ್ರು ಅಂಥಾವ್ರಲ್ಲ" ಎಂದು ಅತ್ತಿದ್ದಳು. ಅವಳು ಹೇಳದಿದ್ದರೂ ನಾನು ಬರುತ್ತಿದ್ದೆ. ಈಗ ಅವನು ಬಾಗಿಲ ಬಳಿ ಫೌಜದಾರ ಅಮೋಗಸಿದ್ಧರ ಪಕ್ಕ ನಿಂತಿದ್ದ. ಬೇಡಿ ಹಾಕಿರಲಿಲ್ಲ. ಹಾಕುವುದು ಬಿಡುವುದು ಪತ್ತೇದಾರನಾದ ನಾನು ಏನು ತೋರಿಸಿಕೊಡುತ್ತೇನೆ ಎಂಬುದರ ಮೇಲಿತ್ತು.

"ಅತುಲ, ಪಾಕೀಟ ಅಂದ್ರ ಏನು? ಎಲ್ಲಾರಿಗೂ ತಿಳಿಯೂ ಹಂಗ ಹೇಳು."

"ಪ್ಯಾಕೆಟ್ ರೀ ಮಾಮಾ. ಕಂಪ್ಯೂಟರಿನ ಪ್ಯಾಕೆಟ್. ಒಂದು ಮಷೀನಿಂದ ಇನ್ನೊಂದಕ್ಕ ಏನರ ಕಳಸ್ಬೇಕಂದ್ರ ಅದು ಇಡಿಯಾಗಿ ಹೋಗಂಗಿಲ್ಲ. ತುಂಡು ತುಂಡು ಮಾಡಿ, ಒಂದೊಂದು ತುಂಡಿನ ಮ್ಯಾಲೂ ಎಲ್ಲಿಂದ ಎಲ್ಲಿಗಿ ಅಂತ ಪತ್ತೆ, ಅಂದ್ರ ವಿಳಾಸ, ಬರದು ಬಿಡ್ತದ. ಆ ತುಂಡಿಗಿ ಪ್ಯಾಕೆಟ್ ಅಂತಾರ. ನಮ್ಮ ಬಾಯಾಗ ಅದು ಪಾಕೀಟ ಆಗ್ತದ."

ನಾನು ಸಾವಿತ್ರಿಬಾಯಿಯ ಕಡೆ ತಿರುಗಿದೆ. "ನೀವು ಏನು ತಿಳ್ಕೊಂಡ್ರಿ?"

"ಪಾಕೀಟ ಅಂದ್ರ ಪಾಕೀಟರೀ. ಖಾಕಿ ಪಾಕೀಟ. ಡಿಸೈನಿನ ಗ್ರಾಫ್ ಇಡ್ತಾರಲ್ಲ, ಅದು."

ಸೊಲ್ಲಾಪುರದಲ್ಲಿ ಪಾಕೀಟು ಎಂದರೆ ಲಕೋಟೆ. ಈ ಕಾರ್ಖಾನೆಯಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಕಂಪ್ಯೂಟರು ಬರುವ ಮೊದಲು ಪ್ರತಿ ಡಿಸೈನನ್ನೂ ಗ್ರಾಫ್ ಹಾಳೆಯ ಮೇಲೆ ಬಿಡಿಸಿ, ಖಾಕಿ ಲಕೋಟೆಯಲ್ಲಿಟ್ಟು ಸಾವುಕಾರರ ಕಪಾಟಿಗೆ ಸೇರಿಸುತ್ತಿದ್ದರು. 'ಹೊಸ ಪಾಕೀಟು ಬಂತೇನು?' ಎಂದರೆ ಹೊಸ ಡಿಸೈನು ಬಂತೇ ಎಂದೇ ಅರ್ಥ. ಹೀಗಾಗಿ ಅತುಲನ ಮಾತು ಬೋರ್ಡಿನವರ ಕಿವಿಗೆ ಬಿದ್ದ ಕ್ಷಣವೇ ಕಳ್ಳತನದ ಒಪ್ಪಿಗೆಯಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ಇಲ್ಲಿ ಅವರು ಫೌಜದಾರರನ್ನೂ ಕರೆಸಿದ್ದರು, ಅಷ್ಟೇ.

ಸಾವಿತ್ರಿಬಾಯಿಯ ಮುಖ ಸಣ್ಣದಾಯಿತು. "ಅಯ್ಯ ಶಿವನ! ಹಂಗಾರ ನಾ ಹೇಳಿದ್ದು..."

"ನೀವು ಹೇಳಿದ್ದು ಖರೇನ. ಹೋಗಿ ಬೋರ್ಡಿನ ಮುಂದ ಕುಂದರ್ರಿ. ಆಮ್ಯಾಲೆ ಬೇಕಾಗ್ತೀರಿ."

ಅವರು ಹೋದರು. ಉದಯಕುಮಾರ ಕುರ್ಚಿಯಿಂದ ಎದ್ದ. ಮೂವತ್ತರ ಗಂಡು, ಬಿಳಿ ಸಫಾರಿ, ಕೈಯಲ್ಲಿ ಬೀಗದ ಕೈ ಗೊಂಚಲು ತಿರುಗಿಸುವ ಚಟ. ಅಕ್ಕಲಕೋಟೆಯಲ್ಲಿ ಟಾವೆಲ್ಲಿನ ಅಂಚು ಹೊಲಿಯುವ ಯುನಿಟ್ಟಿಗೆ ಅವನೇ ಯಜಮಾನ.

"ಭಾಳ ಚಂದ ಹೇಳಿದ್ರಿ. ಪಾಕೀಟಿನ ಅರ್ಥ ಬದಲಾತು. ಅದಕ್ಕ ಹೋದ ಡಿಸೈನ್ ತಿರುಗಿ ಬರ್ತದೇನ್ರಿ? ಖಾಕಿ ಪಾಕೀಟ ಅಲ್ಲ, ಕಂಪ್ಯೂಟರ್ ಪಾಕೀಟ. ಆದ್ರೂ ಇವನ ಕಡಿಂದನ ಹೋಗ್ಯಾವಲ್ಲ? ಇವನ ಬಾಯಿಂದನ ಬಂದದ!"

ಕಿಲಾಡಿ. ಮಾತಿನಲ್ಲಿ ಹುರುಳಿತ್ತು. ನನಗೆ ಸಿಟ್ಟು ಬಂತು, ಯಾಕೆಂದರೆ ಅದೇ ಪ್ರಶ್ನೆ ನನ್ನ ತಲೆಯಲ್ಲೂ ಕೊರೆಯುತ್ತಿತ್ತು.

"ಅತುಲ, ಇದಕ್ಕ ಉತ್ತರ ಕೊಡು."

ಅವನು ಸಾವುಕಾರರ ಟೇಬಲ್ಲಿನ ಮೇಲಿದ್ದ ಮೂರು ನಮೂನೆ ಟಾವೆಲ್ಲುಗಳನ್ನು ಸಾಲಾಗಿ ಇಟ್ಟ.

"ನಮ್ಮಲ್ಲಿ ಮೂರು ಓಣಿ ಅದಾವರಿ. ಇದು ಆಫೀಸ್, ಒಂದನೇ ಓಣಿ. ಇದು ಡಿಸೈನ್ ರೂಮ್, ಎರಡನೇದು. ಇದು ಅಕ್ಕಲಕೋಟಿ ಯುನಿಟ್, ಮೂರನೇದು. ಟೆಲಿಫೋನಿನವ್ರ ಖಾಯಂ ಲೈನ್ ಮ್ಯಾಲೆ ಇಲ್ಲಿಗಿ ಕೂಡೇದ. ಒಂದ ಓಣಿಯೊಳಗಿನ ಮಷೀನು ತಮ್ಮ ತಮ್ಮೊಳಗ ಸೀದಾ ಮಾತಾಡ್ತಾವ. ಓಣಿ ದಾಟಬೇಕಂದ್ರ ನಡುವ ಯಾರರ ಪಾಕೀಟ ಇಸ್ಕೊಂಡು, ಪತ್ತೆ ನೋಡಿ, ಆ ಕಡಿ ದಾಟಿಸಬೇಕು. ಅದು ನನ್ನ ರೂಮಿನ ಮಷೀನು. ಮೂರೂ ವೈರು ಅದರ ಬೆನ್ನಿಗಿ ಬರ್ತಾವ."

ನನಗೆ ಇದು ಹೊಸದಲ್ಲ. ಪತ್ತೇದಾರಿಕೆಗೆ ಬೀಳುವ ಮೊದಲು ನಾನು ರೈಲ್ವೆ ಅಂಚೆಯಲ್ಲಿ ಕಾಗದ ವಿಂಗಡಿಸುತ್ತಿದ್ದೆ. ಕಾಗದ ಯಾವ ಮನೆ ಮುಟ್ಟುತ್ತದೆಂದು ವಿಂಗಡಿಸುವವನಿಗೆ ಗೊತ್ತಿರಬೇಕಿಲ್ಲ. ಊರ ಹೆಸರು ನೋಡಿ, ಮುಂದಿನ ಚೀಲ ಯಾವುದೆಂದು ತಿಳಿದರೆ ಸಾಕು. ಹೊಟಗಿ ಜಂಕ್ಷನ್ನಿನ ಚೀಲಕ್ಕೆ ಹಾಕಿದರೆ ಅಲ್ಲಿನವರು ಮುಂದಿನದು ನೋಡಿಕೊಳ್ಳುತ್ತಾರೆ. ಅತುಲನ ಮಷೀನು ಮಾಡುತ್ತಿದ್ದದ್ದು ನಾನು ಅಲುಗಾಡುವ ರೈಲು ಡಬ್ಬಿಯಲ್ಲಿ ನಿಂತು ಮಾಡಿದ ಕೆಲಸವನ್ನೇ.

"ಡಿಸೈನ್ ರೂಮು ಎಲ್ಲಾದರಿಂದ ಕಡದು ಇಡ್ರಿ ಅಂತ ನಾ ಹೇಳಿದ್ದಿಲ್ಲೇನು?" ಸಾವುಕಾರರು ಗುಡುಗಿದರು. "ಅದರ ವೈರು ನಿನ್ನ ಮಷೀನಿಗಿ ಯಾಕ ಬಂತು?"

"ಬ್ಯಾಟರಿ ಸಲುವಾಗಿರಿ ಸಾವ್ಕಾರ್ರ. ಎರಡೂ ಮಷೀನಿಗಿ ಒಂದ ಬ್ಯಾಟರಿ. ಕರೆಂಟ್ ಹೋತಂದ್ರ 'ಇನ್ನ ಬಂದ್ ಆಗು' ಅಂತ ಡಿಸೈನ್ ಮಷೀನಿಗಿ ನನ್ನ ಮಷೀನ ಹೇಳಬೇಕು. ಇನ್ನೊಂದು ಬ್ಯಾಟರಿ ಕೊಡಸ್ರಿ ಅಂದಿದ್ದೆ. ನೀವು ಬ್ಯಾಡಂದ್ರಿ."

ಸಾವುಕಾರರು ಕಿಟಕಿಯ ಕಡೆ ನೋಡಿದರು.

"ಮತ್ತ ಓಣಿಯಿಂದ ಓಣಿಗಿ ಬಾಗಿಲು ತಗದವರು ಯಾರು?" ಫೌಜದಾರರು ಮೊದಲ ಸಲ ಬಾಯಿ ಬಿಟ್ಟರು. ಎತ್ತರದ ಆಳು, ದನಿ ಮಾತ್ರ ಮೆತ್ತಗೆ. ಮೆತ್ತಗೆ ಮಾತಾಡುವ ಪೊಲೀಸರನ್ನು ಕಂಡರೆ ನನಗೆ ಹೆಚ್ಚು ಭಯ.

"ನಾನ ತಗದೀನ್ರಿ," ಎಂದ ಅತುಲ.

ನಾನು ಸರಕ್ಕನೆ ಅವನ ಕಡೆ ತಿರುಗಿದೆ.

"ಅಕ್ಕಲಕೋಟಿ ಯುನಿಟ್ಟಿಗಿ ಆಫೀಸಿಂದ ದಾರಿ ಬೇಕು ಅಂತ ಉದಯದಾದಾ ಹೇಳಿದ್ರು. ನನ್ನ ಮಷೀನಿನೊಳಗ ಅದಕ್ಕ ಒಂದ ಖೂನ, ಗುರುತು, ಅದ. ಅದನ್ನ ಹಾಕಿದ್ರ ಮೂರೂ ಓಣಿಗಿ ದಾರಿ ಬಿಟ್ಟಂಗ. ಇವ್ರಿಗಷ್ಟ ಬಿಡು, ಅವ್ರಿಗಿ ಬ್ಯಾಡ ಅನ್ನಾಕ ಬರಂಗಿಲ್ಲ. ಅದನ್ನ ಪುಣೆದವ್ರಿಗಿ ಫೋನ್ ಮಾಡಿ ಕೇಳಿದೆ. 'ಪಾಕೀಟ ಎಲ್ಲಾ ನನ್ನ ಕಡಿಂದನ ದಾಟ್ತಾವು, ಡಿಸೈನ್ ರೂಮಿನೂ ಸೈತ, ಏನು ಮಾಡ್ಲಿ' ಅಂತ."

"ಅವ್ರೇನಂದ್ರು?"

"ಡಿಸೈನ್ ಮಷೀನಿನೊಳಗ ಹೊರಗಿನ ದಾರಿ ಬರದಿಲ್ಲ, ಖಾಲಿ ಬಿಟ್ಟದ, ಅಂಜಬ್ಯಾಡ ಅಂದ್ರು. ಅಕ್ಕಲಕೋಟಿಂದ ಯಾರರ 'ಡಿಸೈನ್ ಕೊಡು' ಅಂತ ಪಾಕೀಟ ಬಿಟ್ರ ಅದು ಡಿಸೈನ್ ಮಷೀನಿಗಿ ಮುಟ್ಟಬಹುದು. ಆದ್ರ ಉತ್ತರ ಯಾವ ದಿಕ್ಕಿಗಿ ಕಳಸ್ಬೇಕು ಅಂತ ಆ ಮಷೀನಿಗಿ ಗೊತ್ತಿಲ್ಲ. ಪೋಚ್ ಹೋಗಂಗಿಲ್ಲ. ಪೋಚ್ ಇಲ್ಲಂದ್ರ ಮಾಲೂ ಇಲ್ಲ."

ಪೋಚ್! ರಿಜಿಸ್ಟರ್ ಕಾಗದ ಮುಟ್ಟಿತೆಂದು ಸಹಿಯಾಗಿ ತಿರುಗಿ ಬರುವ ಚೀಟಿಗೆ ನಮ್ಮ ಕಡೆ ಪೋಚ್ ಎನ್ನುತ್ತಾರೆ. ಹೋಗುವ ದಾರಿ ಒಬ್ಬ ತೆರೆಯಬಹುದು. ಬರುವ ದಾರಿಯನ್ನು ಆ ಕಡೆಯವನೇ ತೆರೆಯಬೇಕು. ಅತುಲ ಒಂದು ಬಾಗಿಲು ತೆರೆದಿದ್ದ, ಅದೂ ಯಜಮಾನನ ಮಗ ಹೇಳಿದ್ದಕ್ಕೆ. ಇನ್ನೊಂದು ಬಾಗಿಲು ಹಾಕಿಯೇ ಇದ್ದರೆ ಹುಡುಗ ನಿರಪರಾಧಿ.

"ಫೌಜದಾರ ಸಾಹೇಬ್ರ, ಡಿಸೈನ್ ರೂಮಿಗಿ ನಡೀರಿ. ಆ ಮಷೀನಿಗಿ ಹೊರಗಿನ ದಾರಿ ಗೊತ್ತಿಲ್ಲ ಅಂತ ನಿಮ್ಮ ಕಣ್ಣಿಗಿ ತೋರಸ್ತೀನಿ."

"ತೋರಸ್ರಿ. ದಾರಿ ಇರ್ಲಿಲ್ಲಂದ್ರ ಹುಡುಗನ್ನ ಇಲ್ಲೇ ಬಿಟ್ಟು ಹೋಗ್ತೀನಿ," ಎಂದರು ಅಮೋಗಸಿದ್ಧ. "ದಾರಿ ಇತ್ತಂದ್ರ ಜೀಪ್ ಹತ್ತಿಸ್ತೀನಿ. ಆಮ್ಯಾಲೆ ಮಾಮಾ ಅಂತ ನೋಡಂಗಿಲ್ಲ."

ಸಾವುಕಾರರೂ ಮಗನೂ ಸೇರಿ ಎಲ್ಲರೂ ಮಗ್ಗದ ಶೆಡ್ಡಿನ ಪಕ್ಕದಿಂದ ನಡೆದೆವು. ಮಗ್ಗಗಳ ಸದ್ದಿಗೆ ಕಾಲಡಿಯ ನೆಲವೇ ನಡುಗುತ್ತಿತ್ತು. ಹತ್ತಿಯ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಅತುಲ ನನ್ನ ಹತ್ತಿರ ಸರಿದು, "ಮಾಮಾ, ಖಾಲಿ ಅದ, ಅಂಜಬ್ಯಾಡ್ರಿ," ಎಂದ. ಜೀಪು ಹತ್ತಬೇಕಾದವನು ನನಗೆ ಧೈರ್ಯ ಹೇಳುತ್ತಿದ್ದ.

ಡಿಸೈನ್ ರೂಮಿನಲ್ಲಿ ಕೇತಕಿ ಒಬ್ಬಳೇ ಇದ್ದಳು. ಚಿತ್ರಕಲೆ ಕಲಿತ ಹುಡುಗಿ, ಆ ಇಳಕಲ್ ಸೆರಗನ್ನು ಟಾವೆಲ್ಲಿಗೆ ಇಳಿಸಿದವಳು ಅವಳೇ. ಹೊರಗೆ ಅಷ್ಟು ಸೆಕೆ, ಇಲ್ಲಿ ಏಸಿಯ ತಂಪು. ಸಾವುಕಾರರ ಕಟ್ಟುನಿಟ್ಟಿನ ಪ್ರಕಾರ ಈ ಮಷೀನಿನ ಗುಪ್ತ ಪದ ಅವಳೊಬ್ಬಳಿಗೇ ಗೊತ್ತು. ಅತುಲನಿಗೆ ಗೊತ್ತಿರಕೂಡದು. ಹಾಗೆಯೇ ಅತುಲನ ರೂಮಿಗೆ ಅವಳು ಕಾಲಿಡಕೂಡದು.

"ಏನಾತರಿ ಕಾಕಾ?" ಎಂದಳು. ನಮ್ಮ ಹಿಂಡನ್ನು ನೋಡಿ ಅವಳ ಕೈ ತಾನಾಗಿ ಪರದೆಯ ಗುಂಡಿಯ ಕಡೆ ಹೋಗಿ ನಿಂತಿತು.

"ಏನಿಲ್ಲವ್ವ. ಒಂದು ಸಣ್ಣ ಕೆಲಸ. ಮೂರನೇ ಓಣಿಯ ಮಷೀನಿಗಿ ಇಲ್ಲಿಂದ ಒಂದು ಕೂಗು ಹಾಕು."

"ಪಿಂಗ್ ಅಂತ ಹೊಡದು ಅಕ್ಕಲಕೋಟಿ ನಂಬರ್ ಹೊಡಿ ಕೇತಕಿ," ಎಂದ ಅತುಲ. "ಅಲ್ಲಿದೀ ಏನು ಅಂತ ಕೇಳೂದದು, ಮಾಮಾ. ದಾರಿ ಇಲ್ಲಂದ್ರ 'ಮುಟ್ಟಲಿಲ್ಲ' ಅಂತ ಬರ್ತದ."

"ಅಕ್ಕಲಕೋಟಿ ಇವತ್ತ ಸೂಟಿ ಅಲ್ಲರಿ? ಮಷೀನ ಬಂದ್ ಇರ್ತದ. ನಾಳೆ ಮಾಡೂಣು."

"ಬಂದ್ ಇದ್ರೂ ಅಡ್ಡಿ ಇಲ್ಲ," ಎಂದೆ. "ಹೊಡಿ."

ಅವಳು ಹೊಡೆಯಲಿಲ್ಲ. ಕುರ್ಚಿ ಸರಿಸಿದಳು. ಕನ್ನಡಕ ತೆಗೆದು ದುಪಟ್ಟಾದ ತುದಿಯಿಂದ ಒರೆಸಿದಳು. ಅವಳ ಕಣ್ಣು ಅತುಲನ ಮೇಲೆ ಒಂದು ಸಲ ಹೋಗಿ ಬಂತು. ಆ ನೋಟದಲ್ಲಿ ಹೆದರಿಕೆಗಿಂತ ಕನಿಕರ ಹೆಚ್ಚಿತ್ತು. ಅದು ನನಗೆ ಅರ್ಥವಾಗಲಿಲ್ಲ.

"ಹೊಡಿಯವ್ವ," ಎಂದರು ಫೌಜದಾರರು, ಮೆತ್ತಗೆ.

ಬೆರಳುಗಳು ಕೀಲಿಗಳ ಮೇಲೆ ಓಡಿದವು. ಕರಿ ಪರದೆಯ ಮೇಲೆ ಬಿಳಿ ಅಕ್ಷರಗಳ ಒಂದು ಸಾಲು ಬಂತು. ಅದರ ಕೆಳಗೆ ಇನ್ನೊಂದು. ಮತ್ತೊಂದು. ಎಲ್ಲ ಸಾಲಿನ ಮೊದಲಲ್ಲೂ ಒಂದೇ ಮಾತು: ರಿಪ್ಲೈ.

ಅಕ್ಕಲಕೋಟೆ ಉತ್ತರ ಕೊಟ್ಟಿತ್ತು. ದಾರಿ ಇತ್ತು.

"ನೋಡ್ರಿ! ನಾ ಏನ್ ಹೇಳಿದ್ದೆ?" ಉದಯಕುಮಾರ ಅಂಗೈಗೆ ಅಂಗೈ ಬಡಿದ. ಬೀಗದ ಕೈಗಳು ಝಣ್ ಎಂದವು.

ಫೌಜದಾರರ ಕೈ ಅತುಲನ ಮಣಿಕಟ್ಟಿನ ಮೇಲೆ ಬಿತ್ತು. ಹುಡುಗನ ಮುಖ ಬಿಳಿಚಿತ್ತು. "ಹೆಂಗ ಸಾಧ್ಯ? ಖಾಲಿ ಇತ್ತು ಮಾಮಾ... ಖಾಲಿನ ಇತ್ತು..." ಎನ್ನುತ್ತಿದ್ದ. ನನ್ನ ಕೈಯಾರೆ ಅವನನ್ನು ಬಾವಿಗೆ ತಳ್ಳಿದ್ದೆ.

"ತಡೀರಿ," ಎಂದೆ. "ಅತುಲ, ಈ ಮಷೀನು ತನಗ ಗೊತ್ತಿರೂ ದಾರಿ ಎಲ್ಲಾ ತೋರಸ್ತದೇನು?"

"ತೋರಸ್ತದ. ರೂಟ್ ಪ್ರಿಂಟ್ ಅಂತ ಹೊಡೀಬೇಕು."

ಕೇತಕಿ ಈ ಸಲ ತಡ ಮಾಡಲಿಲ್ಲ. ತಡ ಮಾಡಿ ಪ್ರಯೋಜನವಿಲ್ಲವೆಂದು ತಿಳಿದವಳ ಹಾಗೆ ಹೊಡೆದಳು. ಅತುಲ ಫೌಜದಾರರ ಹಿಡಿತದಲ್ಲೇ ಬಗ್ಗಿ ಪರದೆ ಓದಿದ. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು.

"ಮಾಮಾ, ಇಲ್ಲಿ ಒಂದು ಸಾಲು ಕೈಯಿಂದ ಬರದಾರ. 'ಮೂರನೇ ಓಣಿಗಿ ಹೋಗಬೇಕಂದ್ರ ಅತುಲನ ಮಷೀನಿಗಿ ಕೊಡು' ಅಂತ. ಮೂರನೇ ಓಣಿಗಷ್ಟ. ಆಫೀಸಿನ ಓಣಿಗಿ ಇಲ್ಲ. ಮಷೀನ ಬಂದ್ ಮಾಡಿ ಚಾಲೂ ಮಾಡಿದ್ರೂ ಅಳಿಸಬಾರದು ಅಂತ ಪಕ್ಕಾ ಮಾಡ್ಯಾರ."

"ಇದನ್ನ ನಿನ್ನ ರೂಮಿನಿಂದ ಬರೀಲಿಕ್ಕಿ ಬರ್ತದೇನು?"

"ಇಲ್ಲರಿ. ಈ ಕುರ್ಚಿ ಮ್ಯಾಲೆ ಕುಂತು, ಈ ಮಷೀನಿನ ಗುಪ್ತ ಪದ ಹೊಡದ ಬರೀಬೇಕು."

ಫೌಜದಾರರು ದಡ್ಡರಲ್ಲ. ಅವರ ಹಿಡಿತ ಒಂದು ಗೆಣ್ಣಿನಷ್ಟು ಸಡಿಲಾಯಿತು.

ನಾನು ಕೇತಕಿಯ ಎದುರು ಸ್ಟೂಲು ಎಳೆದುಕೊಂಡು ಕೂತೆ.

"ಯಾವಾಗ ಬರದಿ?"

"ನಾ ಬರದಿಲ್ಲ."

"ಗುಪ್ತ ಪದ ಯಾರಿಗರ ಹೇಳಿದಿ?"

"ಇಲ್ಲ."

"ಹಂಗಾರ ನೀನ ಬರದಿ."

"ನಾ ಚಿತ್ರ ತಗಿಯಾಕಿ ಕಾಕಾ! ಈ ಓಣಿ, ಬಾಗಿಲು ನನಗೇನು ಗೊತ್ತು?"

"ಗೊತ್ತಿಲ್ಲದ್ದಕ್ಕ ಇನ್ನೊಬ್ರು ಹೇಳಿ ಕೊಟ್ರು. ನೀ ಹೊಡದಿ. ಆ ಸೆರಗಿನ ಡಿಸೈನಿಗಿ ಎಷ್ಟು ತಿಂಗಳ ಕಣ್ಣು ಸುಟ್ಕೊಂಡಿ ಅಂತ ಎಲ್ಲಾರೂ ಹೇಳ್ತಾರ. ಅದನ್ನ ಮಂದಿ ಕದ್ರ ನಿನಗ ಹೊಟ್ಟಿ ಉರಿಲಿಲ್ಲೇನು?"

ಅದು ನಾಟಿತು. ಅವಳ ಕಣ್ಣು ತುಂಬಿತು, ಆದರೆ ಅಳಲಿಲ್ಲ. ಸಿಟ್ಟಿನಿಂದ ಕೆಂಪಾದಳು.

"ಕದ್ರು ಅಂತ ಯಾಕಂತೀರಿ? ಆ ಡಿಸೈನಿನ ಮ್ಯಾಲೆ ನನ್ನ ಹೆಸರು ಎಲ್ಲರ ಅದ ಏನ್ರಿ? ಜರ್ಮನಿಗಿ ಹೋದ ನಮೂನಿ ಚಿತ್ರದ ಮ್ಯಾಲೆ ಇವ್ರ ಹೆಸರು ಅದ!" ಉದಯಕುಮಾರನ ಕಡೆ ಬೆರಳು ತೋರಿಸಿದಳು. "ನಾ ಒಂದ ಸಾಲು ಹೊಡದೀನಿ. ಹೊಡೀಬೇಕಂತ ಅತುಲದಾದಾ ಹೇಳ್ಯಾರಂತ, ಹೊಡದೆ. ಅಷ್ಟ."

"ನಾನು?" ಅತುಲ ಕೂಗಿದ. "ನಾ ಯಾವಾಗ ಹೇಳಿದೆ?"

"ಆತಲ್ಲ!" ಎಂದ ಉದಯಕುಮಾರ. "ಇನ್ನೇನು ಬೇಕ್ರಿ ಫೌಜದಾರ ಸಾಹೇಬ್ರ? ಅಕಿ ಬಾಯಿಂದನ ಬಂತು."

ನಾನು ಕೈಯೆತ್ತಿದೆ. ಕಾಗದ ವಿಂಗಡಿಸಿದವನಿಗೆ ವಿಳಾಸದ ಮೂಲೆಯ ಸಣ್ಣ ಅಕ್ಷರ ಓದುವ ಚಟ ಹೋಗುವುದಿಲ್ಲ. ಅವಳು 'ಹೇಳ್ಯಾರ' ಎನ್ನಲಿಲ್ಲ. 'ಹೇಳ್ಯಾರಂತ' ಎಂದಳು. ಕಣ್ಣಾರೆ ಕಂಡದ್ದಕ್ಕೆ, ಕಿವಿಯಾರೆ ಕೇಳಿದ್ದಕ್ಕೆ ನಾವು 'ಅಂತ' ಹಚ್ಚುವುದಿಲ್ಲ. ಇನ್ನೊಬ್ಬರ ಬಾಯಿಂದ ಬಂದದ್ದಕ್ಕೆ ಹಚ್ಚುತ್ತೇವೆ. ಆ ಪುಟ್ಟ ಮಾತಿನ ಹಿಂದೆ ಒಬ್ಬರು ನಿಂತಿದ್ದರು.

"ಅತುಲ ಹೇಳ್ಯಾನಂತ. ಹಂಗಂತ ನಿನಗ ಯಾರು ಹೇಳಿದ್ರು ಕೇತಕಿ?"

ಅವಳು ತಾನು ಆಡಿದ ಮಾತನ್ನು ತಾನೇ ಮತ್ತೊಮ್ಮೆ ಕೇಳಿಸಿಕೊಂಡಳು. ಆಮೇಲೆ ತುಟಿ ಬಿಗಿದು ಕೂತಳು. ಫೌಜದಾರರು ಕೇಳಿದರು, ಸಾವುಕಾರರು ಗದರಿಸಿದರು, ಉದಯಕುಮಾರ ಕೆಲಸದಿಂದ ತೆಗೆಯುತ್ತೇನೆಂದ. ಒಂದು ಅಕ್ಷರ ಹೊರಬೀಳಲಿಲ್ಲ. ಮತ್ತೆ ಅತುಲನ ಕಡೆ ಅದೇ ನೋಟ.

ಅವಳನ್ನು ಬಿಟ್ಟು ನಾನು ಪರದೆಗೆ ತಿರುಗಿದೆ. ಬಿಳಿ ಸಾಲುಗಳು ಇನ್ನೂ ಅಲ್ಲೇ ಇದ್ದವು. ರಿಪ್ಲೈ. ಅಷ್ಟು ಹೊತ್ತು ದಾರಿ ಇದೆಯೇ ಇಲ್ಲವೇ ಎಂದು ತಲೆ ಕೆಡಿಸಿಕೊಂಡವರು, ಆ ಕಡೆ ಓಗೊಟ್ಟವರು ಯಾರೆಂದು ಕೇಳಿಯೇ ಇರಲಿಲ್ಲ. ನನ್ನ ದಡ್ಡತನಕ್ಕೆ ನಾನೇ ಹಲ್ಲು ಕಡಿದೆ.

"ಉದಯಕುಮಾರ, ಅಕ್ಕಲಕೋಟಿ ಯುನಿಟ್ಟಿಗಿ ಇವತ್ತ ಸೂಟಿ ಹೌದಲ್ಲೋ?"

"ಹೌದ್ರಿ. ಯಾಕ?"

"ಬೀಗ ಯಾರು ಹಾಕ್ಯಾರ?"

"ನಾನ. ನಿನ್ನೆ ಮೇನ್ ಸ್ವಿಚ್ ಇಳಿಸಿ, ಬೀಗ ಹಾಕಿ ಬಂದೀನಿ. ಚಾವಿ ಇಲ್ಲೇ ಅದ ನೋಡ್ರಿ." ಗೊಂಚಲು ಎತ್ತಿ ತೋರಿಸಿದ.

"ಮೇನ್ ಸ್ವಿಚ್ ಇಳಿಸಿದ ಮ್ಯಾಲೆ ಆ ಮಷೀನು ಉತ್ತರ ಹೆಂಗ ಕೊಟ್ತು?"

ಗೊಂಚಲಿನ ಸದ್ದು ನಿಂತಿತು. ಅವನು ಪರದೆ ನೋಡಿದ, ಚಾವಿ ನೋಡಿದ, ತಂದೆಯ ಮುಖ ನೋಡಿದ. "ಯಾರೋ ಒಳಗ ಹೊಕ್ಕಾರ," ಎಂದ. ಅವನ ದನಿಯಲ್ಲಿದ್ದ ಗಾಬರಿ ನಾಟಕವೋ ನಿಜವೋ ನನಗೆ ಆಗ ಹೇಳಲಾಗಲಿಲ್ಲ.

"ಹೊಕ್ಕಾರ. ಈ ಹೊತ್ತಿನಾಗ ಅಲ್ಲೇ ಕುಂತಾರ. ಅತುಲ ಬೆಳಗಿಂದ ಇಲ್ಲಿ ನಮ್ಮ ಕಣ್ಮುಂದ ಇದ್ದಾನ. ಫೌಜದಾರ ಸಾಹೇಬ್ರ, ಇದನ್ನ ಬರಕೋರಿ."

ಅಮೋಗಸಿದ್ಧರು ಅತುಲನ ಮಣಿಕಟ್ಟನ್ನು ಬಿಟ್ಟರು. ಪೂರ್ತಿ ಬಿಟ್ಟರು. ಹುಡುಗ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಉಸಿರು ಹೊರಹಾಕಿದ. ನನ್ನ ತಂಗಿಯ ಮುಖವೇ ಅದು. ಗೆದ್ದೆ ಎಂದುಕೊಂಡೆ.

ಗೆದ್ದೆ ಎಂದುಕೊಂಡವನು ಅಲ್ಲಿಗೆ ಸುಮ್ಮನಾಗಬೇಕಿತ್ತು. ಫೌಜದಾರರು ಅಕ್ಕಲಕೋಟೆಗೆ ಪೊಲೀಸರನ್ನು ಕಳಿಸುವ ಮಾತೆತ್ತಿದರು. ಅಷ್ಟರಲ್ಲಿ ಹಕ್ಕಿ ಹಾರಿಹೋಗುತ್ತದೆ ಎಂದೆ ನಾನು, ಜಾಣನ ಹಾಗೆ.

ಕೇತಕಿಯ ಟೇಬಲ್ಲಿನ ಮೇಲೆ ಒಳಗಿನ ಫೋನು ಇತ್ತು. ಎರಡೂ ಕೈ ಕೆಲಸದಲ್ಲಿದ್ದಾಗ ಮಾತಾಡಲೆಂದು ಅದಕ್ಕೊಂದು ಸ್ಪೀಕರ್ ಗುಂಡಿ. ನಾನು ಬೋರ್ಡಿಗೆ ಹಚ್ಚಿದೆ.

"ಸಾವಿತ್ರಿಬಾಯಿ, ಅಕ್ಕಲಕೋಟಿ ಯುನಿಟ್ ಹಚ್ಚಿ ಕೊಡ್ರಿ. ಯಾರರ ಎತ್ತಿದ್ರ 'ಡಿಸೈನ್ ರೂಮಿಂದ' ಅನ್ರಿ. ಅದರ ಮ್ಯಾಲೆ ಒಂದು ಮಾತೂ ಬ್ಯಾಡ."

"ಆತ್ರಿ ಸಾಹೇಬ್ರ. ಈ ಸಲ ಹೇಳಿದಷ್ಟ ಹೇಳ್ತೀನಿ."

ಸ್ಪೀಕರ್ ಗುಂಡಿ ಒತ್ತಿ, ಎಲ್ಲರಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಕೇತಕಿ ಎದ್ದು ನಿಂತಳು. ಫೌಜದಾರರು ಅವಳ ಭುಜ ಒತ್ತಿ ಕೂರಿಸಿದರು.

ರಿಂಗಾಯಿತು. ಬಹಳ ಹೊತ್ತು ರಿಂಗಾಯಿತು. ಕಟ್ಟಾಗುತ್ತದೆ ಎನ್ನುವಾಗ ಯಾರೋ ಎತ್ತಿದರು. ಮಾತಿಲ್ಲ, ಬರೀ ಉಸಿರು. ನಡುವೆ ಸಾವಿತ್ರಿಬಾಯಿಯ ದನಿ ಕೇಳಿತು: "ಡಿಸೈನ್ ರೂಮಿಂದ್ರಿ, ಮಾತಾಡ್ರಿ." ಕಟಕ್ ಎಂದು ಲೈನು ಕೂಡಿತು.

ನಾವು ಯಾರೂ ಮಾತಾಡಲಿಲ್ಲ.

"ಕೇತಕಿ?" ಆ ಕಡೆ ಹೆಣ್ಣು ದನಿ, ಪಿಸುಮಾತು. "ಈಗ್ಯಾಕ ಫೋನ್ ಮಾಡಿದಿ? ಅವ್ರೆಲ್ಲಾ ಅಲ್ಲಿಗಿ ಬಂದಾರ ಅಂತ ಮುಂಜಾನೆ ಅಂದಿದ್ದಿಯಲ್ಲ... ಡಿಸೈನ್ ಇನ್ನೊಂದು ಚೂರು ಉಳದದ. ತೊಗೊಂಡ ಕೂಡ್ಲೆ ಹೋಗ್ತೀನಿ. ಸ್ಟ್ಯಾಂಡಿಗಿ ಹೋಗಿ ಬಸ್ ಹಿಡೀತೀನಿ."

ಸಾವುಕಾರರು ಮಗನ ಕಡೆ ನೋಡಿದರು. ಮಗ ತಲೆ ಅಲ್ಲಾಡಿಸಿದ, ಆ ದನಿ ಅವನಿಗೆ ಗೊತ್ತಿರಲಿಲ್ಲ. ಫೌಜದಾರರಿಗೂ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ಬೆಳಿಗ್ಗೆ ನನ್ನ ಬಾಗಿಲಲ್ಲಿ ಅತ್ತು, ಕಣ್ಣೊರೆಸಿಕೊಂಡು, ಅಕ್ಕಲಕೋಟೆಗೆ ಹೋಗಿ ಸ್ವಾಮಿ ಸಮರ್ಥರಿಗೆ ಕಾಯಿ ಒಡೆದು ಬರುತ್ತೇನೆಂದು ಬಸ್ಸು ಹತ್ತಿದವಳ ದನಿ ಅದು. ನಾನು ಅತುಲನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ.

"ಯಾರ ದನಿ ಇದು?" ಅಮೋಗಸಿದ್ಧರು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು.

"ಗೊತ್ತಿಲ್ಲ," ಎಂದೆ.

ಈ ಕಸುಬಿಗೆ ಬಂದ ಮೇಲೆ ಪೊಲೀಸರಿಗೆ ಹೇಳಿದ ಮೊದಲ ಸುಳ್ಳು. ಅವರು ನನ್ನನ್ನು ಒಂದು ಕ್ಷಣ ನೋಡಿ ತಲೆ ಆಡಿಸಿದರು. ನಂಬಿದರು ಎಂದುಕೊಂಡೆ. ಸಂಜೆಯವರೆಗೆ ಸಮಯ ಸಿಕ್ಕರೆ ಸಾಕು. ನಾನೇ ಅಕ್ಕಲಕೋಟೆಗೆ ಹೋಗಿ, ಆ ಹುಡುಗಿಯನ್ನು ಕೂರಿಸಿಕೊಂಡು, ಯಾಕವ್ವ ಹೀಗೆ ಮಾಡಿದೆ ಎಂದು ಕೇಳಬಹುದಿತ್ತು.

ಆಗ ಅತುಲ ಗೋಡೆಯಿಂದ ಈಚೆ ಬಂದ.

"ಫೌಜದಾರ ಸಾಹೇಬ್ರ, ಹುಡುಕಬ್ಯಾಡ್ರಿ. ನಾನ ಮಾಡೀನಿ."

"ಅತುಲ, ಬಾಯಿ ಮುಚ್ಚು!" ಎಂದೆ.

"ನಾನ ಮಾಡೀನ್ರಿ ಮಾಮಾ. ಕೇತಕಿ ಕಡಿಂದ ಆ ಸಾಲು ನಾನ ಹೊಡಸೀನಿ. ಅಲ್ಲಿ ಕುಂತಾಕಿ ಯಾರೋ ಕೂಲಿ ಹೆಂಗಸು, ಆಕಿಗಿ ಏನೂ ತಿಳೀದು. ಡಿಸೈನ್ ಮಾರಿದಾಂವ ನಾನು. ನಡೀರಿ, ಜೀಪ್ ಎಲ್ಲಿ ಅದ?"

ಅವನ ದನಿ ಗಟ್ಟಿಯಾಗಿತ್ತು. ಎರಡೂ ಕೈ ಮುಂದೆ ಚಾಚಿದ್ದ. ಬೆಳಿಗ್ಗೆಯಿಂದ ನಾನಲ್ಲ, ನಾನಲ್ಲ ಎಂದು ಬಾಯಿ ಒಣಗಿಸಿಕೊಂಡವನು, ಬಿಡುಗಡೆಯಾದ ಅರೆಗಳಿಗೆಯಲ್ಲಿ ತಾನಾಗಿ ಕೈ ಕೊಟ್ಟಿದ್ದ. ಉದಯಕುಮಾರನ ಮುಖದಲ್ಲೂ ಗೆದ್ದ ಕಳೆ ಇರಲಿಲ್ಲ. ಕೇತಕಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು.

ಫೌಜದಾರರು ಬೇಡಿಗೆ ಕೈ ಹಾಕಿದರು.

ಫೋನು ಇಡಬೇಕೆಂದು ನನಗೆ ಹೊಳೆದದ್ದು ಆಗ. ಸ್ಪೀಕರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಕೈ ಚಾಚಿದೆ, ಮುಟ್ಟಲಿಲ್ಲ.

"ರೀ..." ಎಂದಿತು ಆ ಕಡೆಯ ದನಿ.

ಪಿಸುಮಾತಲ್ಲ, ಒಡೆದ ದನಿ. ಕಟ್ಟಿಕೊಂಡ ಗಂಡನನ್ನಲ್ಲದೆ ಇನ್ನಾರನ್ನೂ ನಮ್ಮ ಹೆಂಗಸರು ಹಾಗೆ ಕರೆಯುವುದಿಲ್ಲ.

"ರೀ, ನೀವ್ಯಾಕ ಒಪ್ಕೊಳ್ಳಾಕತ್ತೀರಿ? ರೀ..."

ಅತುಲ ಕಣ್ಣು ಮುಚ್ಚಿದ. ಅಮೋಗಸಿದ್ಧರ ಕೈ ಬೇಡಿಯ ಮೇಲೇ ನಿಂತಿತು. ಅವರು ಅವನ ಕಡೆ ನೋಡಲಿಲ್ಲ, ಫೋನಿನ ಕಡೆಯೂ ನೋಡಲಿಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿದರು.

"ದಾಮೋದರರಾವ್," ಎಂದರು, ಎಂದಿಗಿಂತ ಮೆತ್ತಗೆ, "ನಿಮ್ಮ ಅಳಿಯನ ಹೆಂಡ್ತಿ ಹೆಸರೇನು?"